ಸೈಜುಗಲ್ಲಿನ ಮೇಲೆ ನಿಂತ ಜೀಪು

ಕಲ್ಲು ಒಡೆಯುವ ಮುನ್ನ ಏನನ್ನೂ ಹೇಳುವುದಿಲ್ಲ. ಮರವಾದರೆ ಕಿರುಗುಟ್ಟುತ್ತದೆ, ಕಬ್ಬಿಣವಾದರೆ ಬಾಗುತ್ತದೆ. ಇದನ್ನು ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಬರೆದಿದ್ದೆ.

ಅಕ್ಕನನ್ನು ಕೊಟ್ಟಿದ್ದು ವಕ್ಕಲೇರಿ ಪಕ್ಕದ ಊರಿಗೆ. ಭಾವ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುತ್ತಿದ್ದರು, ನಾಲ್ಕು ಹಸು ಕಟ್ಟಿದ್ದರು. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದ್ದ ಒಂದೇ ಹುಚ್ಚು ಜೀಪಿನದು. ವಾರವೆಲ್ಲ ಸೊಪ್ಪು ಹೊರುತ್ತಿದ್ದ ಆ ಹಳೇ ಜೀಪನ್ನು ಭಾನುವಾರ ಮಾಲೂರು ಕಡೆಗೆ ಒಯ್ದು, ಪಾಳು ಬಿದ್ದ ಕ್ವಾರಿಯ ಗುಂಡಿಗೆ ಇಳಿಸುವುದು, ಮತ್ತೆ ಮೇಲಕ್ಕೆ ಹತ್ತಿಸುವುದು. ಇಂಥದೇ ಹುಚ್ಚಿನವರು ಇನ್ನೂ ಏಳೆಂಟು ಜನ ಅಲ್ಲಿ ಸೇರುತ್ತಿದ್ದರು. ಎರಡು ಸಲ ಮುಂದಿನ ಆಕ್ಸಲ್ ಮುರಿದುಕೊಂಡು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಬಂದ ಮೇಲೆ, ಇನ್ನು ರಿಪೇರಿ ಸಾಕು, ಆಕ್ಸಲನ್ನೇ ಬದಲಾಯಿಸುವುದು ಎಂದು ತೀರ್ಮಾನಿಸಿದರು. ಮುಳಬಾಗಿಲಿನ ಗುಜರಿಯಲ್ಲಿ ದೊಡ್ಡ ಗಾಡಿಯೊಂದರ ಆಕ್ಸಲ್ ಸಿಕ್ಕಿತು. ಇಬ್ಬರು ಹಿಡಿದರೂ ಎತ್ತಲಾಗದಷ್ಟು ಭಾರ.

ನಾನು ನರಸಾಪುರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಎರಡನೇ ಪಾಳಿ ಇದ್ದ ವಾರಗಳಲ್ಲಿ ಬೆಳಗ್ಗೆ ಅಕ್ಕನ ಮನೆಗೆ ಹೋಗಿ, ಮಧ್ಯಾಹ್ನ ಅಲ್ಲಿಂದಲೇ ಕಂಪನಿ ಬಸ್ಸು ಹಿಡಿಯುತ್ತಿದ್ದೆ. ಹುಳದ ಮನೆಯ ಮುಂದಿನ ಅಂಗಳವೇ ನಮ್ಮ ಗ್ಯಾರೇಜು. ಹೊಸ ಆಕ್ಸಲ್ಲಿನ ಅಗಲವೇ ಬೇರೆ, ಜೀಪಿನ ಭಾರ ಹೊರುವ ಕಮಾನ್ ಪಟ್ಟಿ ಕೂರುವ ಜಾಗವೇ ಬೇರೆ. ಅದರ ಮೇಲಿದ್ದ ಪೀಠಗಳನ್ನು ಗ್ರೈಂಡರಿನಿಂದ ಕತ್ತರಿಸಿ ತೆಗೆದು, ದಪ್ಪ ತಗಡಿನಲ್ಲಿ ಬೇರೆ ಪೀಠ ಮಾಡಿ, ಒಳಗೆ ಸರಿಸಿ ವೆಲ್ಡ್ ಮಾಡಬೇಕಿತ್ತು. ನಾನು ಹಾಳೆಯಲ್ಲಿ ಗೆರೆ ಎಳೆದು ಕೋನ ಲೆಕ್ಕ ಹಾಕಿದರೆ, ಭಾವ ಗೋಣಿದಾರಕ್ಕೆ ನಟ್ಟು ಕಟ್ಟಿ ತೂಗುಬಿಟ್ಟು ಅದೇ ಕೋನವನ್ನು ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತಿದ್ದರು.

"ಏಮಿರಾ ಇಂಜಿನೀರು, ನಿನ್ ಪೇಪರ್ರೂ ನನ್ ದಾರಾನೂ ಒಂದೇ ಹೇಳ್ತದಲ್ಲೋ! ನಿಮ್ಮಪ್ಪ ಕಾಲೇಜಿಗೆ ಯಾಕೆ ಫೀಸು ಕಟ್ಟಿದ್ರು?"

ಅಕ್ಕ ಹಸು ಕಟ್ಟುವ ಹಟ್ಟಿಯಿಂದಲೇ ಕೂಗುತ್ತಿದ್ದಳು: "ಅವನನ್ನ ಯಾಕೆ ಅಂತೀರಿ? ನೀವೇ ಹೋಗಿ ಪಾಠ ಮಾಡ್ರಿ ಅಲ್ಲಿ."

ನಗುತ್ತಿದ್ದೆವು. ಆ ಒಂದೂವರೆ ತಿಂಗಳು ನಾನು ಜೀವನದಲ್ಲಿ ಎಂದೂ ನಗದಷ್ಟು ನಕ್ಕಿದ್ದೇನೆ. ಈಗ ಅದನ್ನು ಬರೆಯಲಿಕ್ಕೂ ಕೈ ಹಿಂಜರಿಯುತ್ತದೆ.

ಜೀಪಿನ ಮುಂಭಾಗವನ್ನು ಎತ್ತಿ ನಿಲ್ಲಿಸಬೇಕಾದಾಗ ಭಾವ ಹುಡುಕಲೂ ಹೋಗಲಿಲ್ಲ. ಹೊಸ ಕೊಟ್ಟಿಗೆಗೆಂದು ತಂದ ಸೈಜುಗಲ್ಲು ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿತ್ತು. ನಮ್ಮ ಕಡೆ ಗೋಡೆ ಕಟ್ಟಲು ಉಳಿಯಲ್ಲಿ ಚೌಕವಾಗಿ ಒಡೆದ ಕಲ್ಲು ಅದು. ನಮ್ಮಲ್ಲಿ ಏನನ್ನು ನಿಲ್ಲಿಸಬೇಕಾದರೂ ಕಲ್ಲೇ. ಮನೆ, ಬೇಲಿಯ ಕಂಬ, ಚಪ್ಪರ, ನೀರಿನ ತೊಟ್ಟಿ, ಎಲ್ಲ. ಚಾಸಿಯ ಎರಡೂ ಬದಿಗೆ ಮೂರು ಮೂರು ಕಲ್ಲು ಪೇರಿಸಿದೆವು. ಪೇರಿಸಿದವರು ಇಬ್ಬರೂ. ಬಲಗಡೆಯ ನಡುವಿನ ಕಲ್ಲಿನಲ್ಲಿ ಕೂದಲಿನಂಥ ಒಂದು ಬಿರುಕಿನ ಎಳೆ ಇತ್ತು. ಅದನ್ನು ನೋಡಿದೆ.

"ಭಾವ, ಕಲ್ಲು ಬೇಡ ಅನ್ಸುತ್ತೆ" ಎಂದೆ.

"ನಮ್ಮನೇನೇ ಕಲ್ಲಿನ್ ಮೇಲೆ ನಿಂತಿದೆ, ಈ ಡಬ್ಬ ನಿಲ್ಲಲ್ವೇನೋ?"

ಮನೆಯನ್ನು ಯಾರೂ ಸುತ್ತಿಗೆಯಿಂದ ಬಡಿಯುವುದಿಲ್ಲ ಭಾವ, ಮನೆಯ ಭಾರ ಒಂದು ಅಂಚಿನ ಮೇಲೆ ಕೂರುವುದಿಲ್ಲ ಭಾವ ಎನ್ನಬೇಕಿತ್ತು. ಕಾರ್ಖಾನೆಯಲ್ಲಿ ಯಾರಾದರೂ ಎತ್ತಿದ ಭಾರದ ಕೆಳಗೆ ಕೈ ಚಾಚಿದರೆ ಇಡೀ ಲೈನಿಗೆ ಕೇಳುವಂತೆ ಬಯ್ಯುವವನು ನಾನು. ಆದರೆ ಅಕ್ಕನ ಗಂಡನ ಅಂಗಳದಲ್ಲಿ ನಿಂತು, ಅವರ ಮಾತಿಗೆ ಎದುರು ಎರಡನೇ ಸಲ ಬಾಯಿ ತೆರೆಯುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಸ್ಪ್ಯಾನರು ಕೈಗೆತ್ತಿಕೊಂಡೆ.

ಆಕ್ಸಲ್ ಕೂರಿಸಿ, ಯು-ಬೋಲ್ಟು ಬಿಗಿದು, ಚಕ್ರ ಹಾಕುವುದೊಂದು ಬಾಕಿ ಇತ್ತು. ಅವತ್ತು ಶುಕ್ರವಾರ. ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರಲ್ಲಿ ಹೊಸ ಆಕ್ಸಲ್ಲಿಗೆ ಪೂಜೆ ಆಗಬೇಕು ಎಂದಳು ಅಕ್ಕ. "ಚಕ್ರ ಆಮೇಲೆ ಹಾಕ್ಕೊಂಡ್ರಾಯ್ತು. ಚಕ್ರ ಹಾಕಿದ್ಮೇಲೆ ಅವಳ ಕೈ ಎಲ್ಲಿ ಹೋಗ್ತದೆ ಒಳಗೆ?" ಎಂದರು ಭಾವ. ಕಲ್ಲುಗಳ ಜೊತೆಗೆ ಆಸರೆಗೆಂದು ನಡುವೆ ಕೊಟ್ಟಿದ್ದ ಜಾಕಿ ಅವಳಿಗೆ ಅಡ್ಡ ಬರುತ್ತಿತ್ತು. "ತೆಗ್ಯೋ ಅದನ್ನ" ಎಂದರು. ತೆಗೆದೆ.

ಅಕ್ಕ ಮಣೆಯ ಮೇಲೆ ಕೂತು ಕಬ್ಬಿಣಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಹಿತ್ತಿಲ ಗಿಡದ ನಿಂಬೆಹಣ್ಣನ್ನು ಆಕ್ಸಲ್ಲಿನ ನಡುವಿನ ಗುಂಡು ಡಬ್ಬದ ಮೇಲೆ ಇಟ್ಟಳು. ಅದು ನಿಲ್ಲಲಿಲ್ಲ. ಉರುಳಿ ಆ ಕಡೆಗೆ, ಒಳಕ್ಕೆ ಹೋಯಿತು.

"ಬೇರೆ ತರ್ತೀನಿ ಅಕ್ಕ" ಎಂದೆ.

"ಪೂಜೆ ಮಾಡಿದ್ದನ್ನ ಹಂಗೆ ಬಿಡಬಾರ್ದು ಕಣೋ. ಅದನ್ನೇ ತಗೊಳ್ರೀ."

ಭಾವ ಅಂಗಿಯ ತೋಳು ಮಡಚಿ ಬಲಗಡೆಯಿಂದ ಬೋರಲಾಗಿ ಒಳಗೆ ತೆವಳಿದರು. ಸಿಕ್ತು ಎಂದರು. ಆಮೇಲೆ ಬಂದ ಸದ್ದು ದೊಡ್ಡದೇನಲ್ಲ. ತೆಂಗಿನಕಾಯಿ ಒಡೆದಷ್ಟೇ. ಜೀಪಿನ ಮೂತಿ ನನ್ನ ಮುಂದೆ ಬಲಕ್ಕೆ ವಾಲಿ ನೆಲಕ್ಕೆ ಕೂತಿತು.

ಮತ್ತೆ ಕೊಟ್ಟ ಜಾಕಿ ಒದ್ದೆ ಮಣ್ಣಿನಲ್ಲಿ ಹೂತುಹೋಗುತ್ತಿತ್ತು. ಅಕ್ಕ ತಾನು ಕೂತಿದ್ದ ಮಣೆಯನ್ನು ತಳ್ಳಿದಳು, ಅದನ್ನು ಕೆಳಗಿಟ್ಟು ಪಂಪು ಮಾಡಿದೆ. ಒಂದು ಸಲ ಒತ್ತಿದರೆ ಬೆರಳಿನ ದಪ್ಪವೂ ಏಳುವುದಿಲ್ಲ ಜಾಕಿ. ಇಪ್ಪತ್ತಾರು ಸಲ ಒತ್ತಿದೆ. ಆ ಎಣಿಕೆ ಈಗಲೂ ಬಸ್ಸಿನಲ್ಲಿ, ಊಟಕ್ಕೆ ಕೂತಾಗ, ಎಲ್ಲೆಂದರಲ್ಲಿ ಶುರುವಾಗುತ್ತದೆ, ಮತ್ತು ಪ್ರತಿ ಸಲ ಹದಿನಾಲ್ಕಕ್ಕೇ ಏಳುತ್ತದೆ ಜೀಪು, ಭಾವ ಮೈ ಕೊಡವಿಕೊಂಡು ಹೊರಗೆ ಬರುತ್ತಾರೆ. ಅವತ್ತು ಹಾಗಾಗಲಿಲ್ಲ. ಹಾಲಿನ ವ್ಯಾನಿನಲ್ಲಿ ಮಲಗಿಸಿಕೊಂಡು ಕೋಲಾರಕ್ಕೆ ಹೊರಟೆವು. ಊರಿನ ಗಡಿ ದಾಟುವ ಮೊದಲೇ ಎಲ್ಲ ಮುಗಿದಿತ್ತು. ಆಸ್ಪತ್ರೆಯ ಬಾಗಿಲವರೆಗೂ ಅದನ್ನು ನಾನು ಅಕ್ಕನಿಗೆ ಹೇಳಲಿಲ್ಲ.

ತಿಥಿಗೆ ಬಂದವರ ಮುಂದೆಲ್ಲ ಅಕ್ಕ ಒಂದೇ ಮಾತು ಹೇಳಿದಳು: "ನನ್ ತಮ್ಮ ಒಬ್ನೇ ಜೀಪೆತ್ತಿದ. ನಾನೇ ಪಾಪಿ, ಒಂದು ನಿಂಬೆಹಣ್ಣಿಗೆ ಅವರನ್ನ ಕಳ್ಸಿದೆ." ಜನ ನನ್ನ ಬೆನ್ನು ಸವರಿದರು. ಅವಳ ಅತ್ತೆ ಮಾತ್ರ ಅವಳ ಕಡೆಗೆ ನೋಡುವುದನ್ನೇ ಬಿಟ್ಟರು. ನಾನು ಆ ಕೈಗಳಿಗೆ ಬೆನ್ನು ಕೊಟ್ಟುಕೊಂಡು ಕೂತಿದ್ದೆ, ಕಲ್ಲಿನ ಎಳೆಯ ಮಾತು ಎತ್ತಲಿಲ್ಲ. ಒಂದು ತಿಂಗಳಲ್ಲ, ಐದು ತಿಂಗಳು. ಅಕ್ಕ ಸೊರಗಿದಳು. ಹುಳ ಸಾಕುವುದನ್ನು ನಿಲ್ಲಿಸಿದಳು. ಅತ್ತೆ ತಟ್ಟೆಯನ್ನು ಬೇರೆ ಕಡೆ ತಿರುಗಿಸಿಕೊಂಡು ಉಣ್ಣುವುದನ್ನು ನೋಡುತ್ತ ಹಟ್ಟಿಯಲ್ಲೇ ಹೊತ್ತು ಕಳೆಯತೊಡಗಿದಳು.

ಒಂದು ಭಾನುವಾರ ಹೋದಾಗ ಕೈಗೆ ಮಚ್ಚು ಕೊಟ್ಟಳು. "ಆ ನಿಂಬೆಗಿಡ ಬುಡಕ್ಕೆ ಕಡಿದು ಹಾಕು. ನನ್ ಕಣ್ಣಿಗೆ ಬೀಳಬಾರ್ದು."

ಗಿಡದ ತುಂಬ ಹೂವಿತ್ತು. ಒಂದು ಕೊಂಬೆ ಹಿಡಿದುಕೊಂಡೆ. ಕೈ ಏಳಲಿಲ್ಲ.

"ನಿಂಬೆಹಣ್ಣಲ್ಲ ಅಕ್ಕ. ಕಲ್ಲು."

"ಏನಂದೆ?"

ಎಲ್ಲವನ್ನೂ ಹೇಳಿದೆ. ಕಲ್ಲಿನಲ್ಲಿದ್ದ ಎಳೆ, ಅದು ಒಡೆಯಬಹುದೆಂದು ನನಗೆ ಗೊತ್ತಿದ್ದದ್ದು, ಜಾಕಿ ತೆಗೆದದ್ದು, ಬೇಡ ಎಂದು ಒಂದೇ ಸಲ ಹೇಳಿ ಬಿಟ್ಟದ್ದು. ಅವಳು ಹಟ್ಟಿಯ ಕಟ್ಟೆಯ ಮೇಲೆ ನಿಧಾನಕ್ಕೆ ಕೂತಳು. ಅಳಲಿಲ್ಲ.

"ಹೆಂಗೆ ಹೇಳ್ದೆ ಅವರಿಗೆ? ಅವತ್ತು ಹೇಳ್ದಂಗೇ ಹೇಳು, ನೋಡಾಣ."

"ಭಾವ, ಕಲ್ಲು ಬೇಡ ಅನ್ಸುತ್ತೆ."

"ಇಷ್ಟೇನಾ?"

ನಾನು ತಲೆಯಾಡಿಸಿದೆ.

"ಇಷ್ಟು ಮೆಲ್ಲಗೆ ಹೇಳಿದ್ರೆ ಹಸೂನೂ ಕೇಳಲ್ಲ ಕಣೋ" ಎಂದಳು. ಬಯ್ಯುವ ದನಿಯಲ್ಲಿ ಅಲ್ಲ. ನನ್ನ ಕೈಯಿಂದ ಮಚ್ಚು ತೆಗೆದುಕೊಂಡು ಒಳಗೆ ಹೋಗಿ, ಅತ್ತೆಯ ಮುಂದೆ ನಿಂತು ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಮುದುಕಿ ಅವಳ ಕೈ ಹಿಡಿದುಕೊಂಡು ಅತ್ತಿದ್ದು ಹೊರಗೆ ನಿಂತ ನನಗೆ ಕೇಳಿಸಿತು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.

ನಾನು ಈಗಲೂ ಭಾನುವಾರ ಹೋಗುತ್ತೇನೆ. ಹಾಲನ್ನು ಡೈರಿಗೆ ಹಾಕಿ ಬರುತ್ತೇನೆ, ಹಸುಗಳಿಗೆ ಹುಲ್ಲು ಕೊಯ್ದು ಹಾಕುತ್ತೇನೆ. ಅಕ್ಕ ಬೇಡ ಎನ್ನುವುದಿಲ್ಲ. ಕಾಫಿ ಮಾಡಿ ತರುತ್ತಾಳೆ, ಲೋಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಾಳೆ. ಮೊದಲು ಕೈಗೇ ಕೊಡುತ್ತಿದ್ದಳು.