ಸಣ್ಣಜ್ಜನ ಎಡಗಣ್ಣು

ನಮ್ಮ ಸಣ್ಣಜ್ಜ, ಅಂದರೆ ಅಜ್ಜನ ತಮ್ಮ, ನಾಟಕ ಕಂಪನಿಯಿಂದ ಮದ್ರಾಸಿಗೆ ಹೋಗಿ ಕಪ್ಪು-ಬಿಳುಪಿನ ಸಿನಿಮಾಗಳಲ್ಲಿ ಹಾಸ್ಯಪಾತ್ರ ಮಾಡಿದವನು. ಎಲ್ಲ ಸಿನಿಮಾಗಳಲ್ಲೂ ಅವನಿಗೆ ಸಿಕ್ಕಿದ್ದು ಒಂದೇ ಆಟ: ಸತ್ತವನಂತೆ ಕೂತು, ಸುತ್ತಲಿನವರು ಅಳುತ್ತಿರುವಾಗ ಎಡಗಣ್ಣು ಮಾತ್ರ ಮೆಲ್ಲಗೆ ತೆರೆಯುವುದು. ಅವಕಾಶಗಳು ನಿಂತು ಸುರಪುರಕ್ಕೆ ಮರಳಿದ ಮೇಲೂ ಜನ ಅವನನ್ನು ಬಿಡಲಿಲ್ಲ. ಶಹಾಪುರದ ಮದುವೆಯಿರಲಿ, ಯಾದಗಿರಿಯ ಬಸ್ ನಿಲ್ದಾಣವಿರಲಿ, "ಅಜ್ಜಾರ, ಒಮ್ಮೆ ಸತ್ತು ತೋರಸ್ರಿ" ಎಂದು ಗಂಟುಬೀಳುತ್ತಿದ್ದರು. ಎಂಬತ್ತು ದಾಟಿದವನಿಗೆ ಹೇಳುವ ಮಾತೇ ಅದು? ನನ್ನ ಮದುವೆಯಲ್ಲಿ ನಾನೂ ಹೇಳಿದ್ದೆ. ಅವನು ಅರ್ಧ ಊಟ ಬಿಟ್ಟು ಎದ್ದು ಬಂದು ಸತ್ತು ತೋರಿಸಿದ.

ಹೋದ ಬೇಸಿಗೆಯಲ್ಲಿ ನಿಜವಾಗಿಯೂ ಸತ್ತ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಬಳಿದು, ಹಾರ ಹಾಕಿ, ಎದುರಿಗೆ ಭಜನೆಗೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಅವನ ಎಡಗಣ್ಣಿನ ರೆಪ್ಪೆ ಮೆಲ್ಲಗೆ ಮೇಲೆ ಸರಿಯಿತು. ಭಜನೆ ನಿಂತಿತು. ನನಗೆ ನಗು ಬಂತು, ತಡೆಯಲಾಗಲಿಲ್ಲ. ನನ್ನ ಹಿಂದೆ ಇನ್ನೊಬ್ಬರು ನಕ್ಕರು, ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು.

ಅವನ ಹೆಂಡತಿ, ನಮ್ಮ ಸಣ್ಣಜ್ಜಿ, ಎದ್ದು ಬಂದು ಅಂಗೈಯಿಂದ ಆ ಕಣ್ಣನ್ನು ಒತ್ತಿ ಮುಚ್ಚಿದಳು.

"ಜೀವಮಾನ ಪೂರ್ತಿ ನಿಮ್ಮನ್ನ ನಗಿಸ್ಯಾರ. ಇವತ್ತೊಂದಿನಾರ ಅಳ್ರೆಪಾ" ಎಂದಳು.

ಅಳಲು ಎಲ್ಲರೂ ತಲೆ ತಗ್ಗಿಸಿದೆವು. ಆದರೆ ಕದ್ದು ನೋಡುತ್ತಲೇ ಇದ್ದೆವು, ಅವಳು ಆ ಕೈ ಯಾವಾಗ ತೆಗೆಯುತ್ತಾಳೋ ಎಂದು.