ಸಮುರಾಯ್ ಊರಿನಲ್ಲಿ ಮಂಗ ಓಡಿಸಿದ್ದು

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಮೊನ್ನೆ ಸಿರಸಿಯ ಹಣ್ಣಿನಂಗಡಿಯಲ್ಲಿ ಟೊಮೆಟೊದಂತೆ ಕಾಣುವ ಕಿತ್ತಳೆ ಬಣ್ಣದ ಹಣ್ಣೊಂದನ್ನು ಕೈಗೆತ್ತಿಕೊಂಡಾಗ ಆ ಹೊತ್ತು ಮತ್ತೆ ಎದುರಿಗೆ ಬಂದು ನಿಂತಿತು. “ಜಪಾನಿ ಹಣ್ಣು ಮೇಡಂ, ತಗೊಳ್ಳಿ” ಎಂದ ಅಂಗಡಿಯವ. ನಾನು ಹಣ್ಣನ್ನು ಬುಟ್ಟಿಗೆ ಹಾಕಿ, ಅಂಗಡಿಯ ಹಿಂದಿನ ಮರದ ಕಡೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ…

ಇಸಳೂರಿನಲ್ಲಿ ನಮಗೂ ಪಕ್ಕದ ಮನೆಯ ಅತ್ತೆಗೂ ಕಾಂಪೌಂಡು ಗೋಡೆ ಒಂದೇ. ನೆಂಟಸ್ತನವೇನಿಲ್ಲ, ಆದರೂ ಅವರು ಅತ್ತೆ, ಅವರ ಯಜಮಾನರು ಮಾವ. ನಾನು ಜಪಾನ್ ಪ್ರವಾಸಕ್ಕೆ ಹೆಸರು ಕೊಟ್ಟ ವರ್ಷ ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಮಾವನಿಗೆ ವಿಮಾನವೆಂದರೆ ಭಯ. ಹಾಗಾಗಿ ಅತ್ತೆಯೂ ನಾನೂ ಜೊತೆಯಾದೆವು.

ಉತ್ತರ ಜಪಾನಿನ ಆ ಊರಿನಲ್ಲಿ ಸಮುರಾಯ್ ಯೋಧರು ವಾಸವಿದ್ದ ಬೀದಿಗಳನ್ನು ಹಾಗೆಯೇ ಕಾಪಾಡಿಕೊಂಡು ಬಂದಿದ್ದಾರೆ. ಕಪ್ಪು ಮರದ ಬೇಲಿ, ಹುಲ್ಲಿನ ಮಾಡು, ಕತ್ತರಿ ಹಾಕಿ ಒಪ್ಪವಾಗಿಟ್ಟ ಗಿಡಗಳು. ಎಲ್ಲವನ್ನೂ ನಡೆದೇ ನೋಡಬೇಕು. ಅತ್ತೆ ಪ್ರತಿ ಬೇಲಿಯ ಮೇಲೂ ಕತ್ತು ಚಾಚಿ ನೋಡುತ್ತಿದ್ದರು.

“ಇಷ್ಟು ದೊಡ್ಡ ಹಿತ್ಲಲ್ಲಿ ಒಂದು ಬಸಳೆ ಚಪ್ಪರ ಇಲ್ಲೆ. ಕತ್ತೀನೇ ಬೇಯ್ಸಿ ಉಣ್ತಿದ್ವ ಎಂತದೇನ!”

ಶತ್ರುವಿಗೆ ದಾರಿ ನೇರವಾಗಿ ಕಾಣಬಾರದೆಂದು ಬೀದಿಗಳನ್ನು ಬೇಕೆಂದೇ ತಿರುಗಿಸಿದ್ದಾರಂತೆ ಎಂದು ನಾನು ಫೋನು ನೋಡಿ ಹೇಳಿದೆ.

“ನಮ್ಮ ಹೆಗಡೆಕಟ್ಟಾ ರಸ್ತೆನೂ ಹಾಂಗೇ ಇದ್ದು. ಅಲ್ಲಿ ಯಾವ ಶತ್ರು ಬತ್ತ? ಬಸ್ಸೇ ಸರಿ ಬತ್ತಿಲ್ಲೆ.”

ಹೀಗೆ ಎರಡು ತಿರುವು ದಾಟುವಷ್ಟರಲ್ಲಿ ನಮ್ಮ ಗುಂಪು ಹಿಂದೆ ಉಳಿಯಿತು. ಆಗಲೇ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಹೆಣ್ಣು ದನಿಯೊಂದು ಇಂಪಾಗಿ ಏನನ್ನೋ ಹೇಳತೊಡಗಿತು. ಯಾರ ಮದುವೆಗೋ ಕರೆಯುತ್ತಿದ್ದಾಳೆ ಅನ್ನಬೇಕು, ಅಷ್ಟು ವಿನಯ. ಫೋನಿನಲ್ಲಿ ಗಂಟೆ ನೋಡಿದ್ದು ಆಗಲೇ: ಮೂರು ಇಪ್ಪತ್ತು. ನೋಡನೋಡುತ್ತಿದ್ದಂತೆ ಬೀದಿ ಖಾಲಿಯಾಯಿತು. ಜನರಿಲ್ಲದ ಫೋಟೊ ಸಿಕ್ಕಿತೆಂದು ನಾನು ಹಿಗ್ಗಿದೆ.

“ಎಲ್ಲಾ ಉಂಡು ಮಲಗಿದ್ವು ಕಾಣ್ತು. ಒಳ್ಳೆ ಊರು” ಎನ್ನುತ್ತ ಅತ್ತೆ ತೆರೆದಿದ್ದ ಹೆಬ್ಬಾಗಿಲೊಂದರ ಒಳಗೆ ನಡೆದೇಬಿಟ್ಟರು.

ಅಂಗಳದ ತುಂಬ ಬಿಳಿ ಹರಳುಕಲ್ಲು ಹರಡಿ, ಅದರ ಮೇಲೆ ಅಲೆಯಂತೆ ಗೆರೆ ಎಳೆದಿದ್ದರು. ಆಚೆ ಮೂಲೆಯಲ್ಲಿ ಅದೇ ಕಿತ್ತಳೆ ಬಣ್ಣದ ಹಣ್ಣಿನ ಮರ. ಅದರ ಕೊಂಬೆ ಅಲುಗಾಡುತ್ತಿತ್ತು, ಅರ್ಧ ತಿಂದ ಹಣ್ಣುಗಳು ಟಪ್ ಟಪ್ ಎಂದು ಬೀಳುತ್ತಿದ್ದವು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಣ್ಣಿನ ಮರದ ಕೊಂಬೆ ಅಲುಗಿತೆಂದರೆ ನಮ್ಮ ಕೈ ತಾನಾಗಿ ಕಲ್ಲು ಹುಡುಕುತ್ತದೆ.

“ಇಲ್ಲಿಗೂ ಬಂಜಲೆ ಮಂಗ್ಯ!”

ಅತ್ತೆ ಬಗ್ಗಿ, ಯಾರೋ ಅಷ್ಟು ನಾಜೂಕಾಗಿ ಎಳೆದಿದ್ದ ಗೆರೆಯಿಂದಲೇ ಒಂದು ಕಲ್ಲನ್ನು ಆರಿಸಿ ಬೀಸಿ ಒಗೆದರು. ಜೊತೆಗೆ ಮನೆಯ ನಾಯಿಯನ್ನೂ ಕರೆದರು. “ಛೂ ಟೈಗರ್! ಹಿಡಿ, ಹಿಡಿ!” ಟೈಗರ್ ಆ ಹೊತ್ತಿಗೆ ಇಸಳೂರಿನಲ್ಲಿ ಮಾವನ ಕಾಲಬುಡದಲ್ಲಿ ಮಲಗಿದ್ದಿರಬೇಕು.

ಮರದಿಂದ ಮೊದಲು ಇಳಿದದ್ದು ಕಪ್ಪು ಹಿಂಭಾಗ. ಆಮೇಲೆ ಬೆನ್ನು. ಇಳಿದು ಮುಗಿಯುವಂತೆಯೇ ಇರಲಿಲ್ಲ. ಕೊನೆಗೆ ಅದು ನಮ್ಮತ್ತ ತಿರುಗಿದಾಗ ಎದೆಯ ಮೇಲಿನ ಬಿಳಿ ಪಟ್ಟೆ ಕಂಡಿತು.

“ಕೂಸೆ,” ಅತ್ತೆಯ ದನಿ ತೀರ ಸಣ್ಣದಾಗಿತ್ತು, “ಇದು ಮಂಗ್ಯ ಅಲ್ದೆ…”

ಕರಡಿ. ಕಂಬದ ಮೇಲಿನ ಆ ಇಂಪಾದ ದನಿ ಊರಿಗೆಲ್ಲ ಹೇಳಿದ್ದು ಇದನ್ನೇ. ಮನೆಯ ಜಾರುಬಾಗಿಲು ಸರಿದು, ಅಲ್ಲಿನ ಕಾವಲಿನ ಮುದುಕರೊಬ್ಬರು ಎರಡೂ ಕೈ ಬೀಸಿ ಕರೆದರು. ನಾನು ಹೇಗೆ ಓಡಿದೆನೋ, ಜಗಲಿ ಹತ್ತಿ ತಿರುಗಿ ನೋಡಿದರೆ ಅತ್ತೆ ಮೆಟ್ಟಿಲ ಮೇಲೆ ಕುಳಿತಿದ್ದರು. ಪ್ರವಾಸಕ್ಕೆಂದೇ ಕೊಂಡ ಹೊಸ ಬೂಟಿನ ಲೇಸು ಬಿಚ್ಚುತ್ತಿದ್ದರು! ಕರಡಿ ಹರಳುಕಲ್ಲಿನ ಮೇಲೆ ಕರಕರ ಸದ್ದು ಮಾಡುತ್ತ ಬರುತ್ತಿತ್ತು.

“ಅತ್ತೆ, ಬಾ ಒಳಗೆ!”

“ತಡಿಯೆ, ಗಂಟು ಬಿಚ್ಚಲೆ ಬತ್ತಿಲ್ಲೆ. ಇನ್ನೊಬ್ರ ಮನೆ ಒಳಗೆ ಬೂಟು ಹಾಕ್ಯಂಡು ಹ್ಯಾಂಗೆ ಬಪ್ದು?”

ಮುದುಕರೂ ನಾನೂ ಒಂದೊಂದು ರಟ್ಟೆ ಹಿಡಿದು ಅವರನ್ನು ಅಕ್ಕಿ ಚೀಲದಂತೆ ಒಳಗೆ ಎಳೆದೆವು. ಬಾಗಿಲು ಮುಚ್ಚಿತು. ಆಮೇಲೆ ನನಗೆ ಕಂಡದ್ದು, ಆ ಬಾಗಿಲು ಕಾಗದದ್ದು… ಅದರ ಮೇಲೆ ಕರಡಿಯ ನೆರಳು ಬಿದ್ದಿತ್ತು. ಮೂಸುವ ಸದ್ದು ಕೇಳುತ್ತಿತ್ತು. ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆಯೊಂದು ಒಡೆಯಿತು. ಆ ಸದ್ದಿಗೆ ನೆರಳು ತಲೆಯೆತ್ತಿತು. ನಾವು ಮೂವರೂ ಉಸಿರು ಬಿಡಲಿಲ್ಲ. ದೂರದಲ್ಲಿ ಸೈರನ್ ಕೂಗಿದ ಮೇಲೆ ನೆರಳು ಮೆಲ್ಲಗೆ ಸರಿಯಿತು. ಮುದುಕರು ಅತ್ತೆಗೆ ತಲೆಬಾಗಿ ವಂದಿಸಿ, ಚಾಪೆಯ ಮೇಲಿದ್ದ ಅವರ ಬೂಟಿನ ಗಂಟನ್ನು ತಾವೇ ಕುಳಿತು ಬಿಚ್ಚಿದರು.

ಊರಿಗೆ ಬಂದ ಮೇಲೆ ಅತ್ತೆಗೆ ಅದೊಂದು ಕಥೆಯಾಯಿತು. ಸಿದ್ದಾಪುರದ ಮದುವೆಯಲ್ಲಿ ಕರಡಿ ಎಮ್ಮೆಯಷ್ಟಿತ್ತು, ಯಲ್ಲಾಪುರದ ಉಪನಯನಕ್ಕೆ ಹೋಗುವಷ್ಟರಲ್ಲಿ ಆನೆಮರಿಯಾಗಿತ್ತು. ಜನ ನಕ್ಕು ಸುಸ್ತಾಗುತ್ತಿದ್ದರು. ನಾನು ಮಾತ್ರ ಆ ಕಥೆಯಲ್ಲಿ ಬಾಯಿ ಹಾಕುತ್ತಿರಲಿಲ್ಲ. ರಾತ್ರಿ ಕಿಟಕಿಯ ಪರದೆ ಅಲುಗಿದರೂ ಎದ್ದು ಕೂರುತ್ತಿದ್ದೆ, ಮಾತ್ರೆ ನುಂಗದೆ ನಿದ್ದೆ ಬರುತ್ತಿರಲಿಲ್ಲ. ಅಷ್ಟೊಂದು ನಿದ್ದೆ ಮಾತ್ರೆ ನುಂಗಬೇಡವೆಂದು ಅತ್ತೆ ಕೆಲವು ದಿನ ನನ್ನ ಕೋಣೆಯಲ್ಲೇ ಬಂದು ಮಲಗಿದರು. ಅವರ ಗೊರಕೆ ಕೇಳಿದರೆ ಕರಡಿ ಒಳಗೇ ಬಂದಂತಿತ್ತು.

ಕರಡಿಗೆ ಸಿಗದ ಅತ್ತೆ ಕಳೆದ ಬೇಸಗೆಯಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟರು… ಈಗ ಅವರ ಪೇರಲ ಮರದಲ್ಲಿ ಮಂಗಗಳು ನಿಶ್ಚಿಂತೆಯಿಂದ ಕುಳಿತು ತಿನ್ನುತ್ತವೆ. ಯಾರೂ ಛೂ ಅನ್ನುವುದಿಲ್ಲ.

ಹದಿಮೂರನೆಯ ದಿನದ ಊಟವಾದ ಮೇಲೆ ಯಾರೋ ನೆಂಟರು ಕರಡಿಯ ಸುದ್ದಿ ತೆಗೆದರು. “ನೀನೇ ಹೇಳೆ ಕೂಸೆ, ನೋಡಿದವ್ಳು ನೀನೊಬ್ಳೇಯ” ಎಂದರು ಮಾವ. ಇಷ್ಟು ವರ್ಷಗಳಲ್ಲಿ ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಅಂದೇ ಮೊದಲು. ಬೂಟಿನ ಗಂಟಿನ ಜಾಗಕ್ಕೆ ಬಂದಾಗ ಎಲ್ಲರೂ ನಗುತ್ತಿದ್ದರು, ಮಾವ ನಗಲಿಲ್ಲ.

“ಆ ಗಂಟು ಕಲಿಸಿದ್ದು ಆನು” ಎಂದು ಎದೆ ಮುಟ್ಟಿಕೊಂಡರು. “ಲೇಸು ಬಿಚ್ಚಿ ಎಡವಿ ಬೀಳ್ತು ಹೇಳಿ, ಜೋಡಿ ಗಂಟು ಹಾಕು ಹೇಳಿದ್ದಿ. ವಿಮಾನ ಬೀಳ್ತು ಹೇಳಿ ಹೆದರಿ ಆನು ಹೋಜಿಲ್ಲೆ. ನೋಡು…”

ಮಾವ ಶಾಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅವರ ಹೊಟ್ಟೆ ಕುಣಿಯತೊಡಗಿತು.

“ಅಂತೂ ಎನ್ನ ಗಂಟು, ಕರಡಿಗೂ ಬಿಚ್ಚಲೆ ಬತ್ತಿತ್ತಿಲ್ಲೆ!”

ಮೊದಲು ನಕ್ಕವಳು ನಾನು. ಅಳುತ್ತಲೇ ನಕ್ಕೆ. ಆ ರಾತ್ರಿ ಮಾತ್ರೆಯಿಲ್ಲದೆ ಮಲಗಿದ್ದೊಂದೇ ಗೊತ್ತು. ಎಚ್ಚರವಾದಾಗ ಪರದೆಯ ಮೇಲೆ ಬಿಸಿಲು ಬಂದಿತ್ತು. ಬರೀ ಬಿಸಿಲು. ನಿದ್ದೆ ಬಂತು ಅತ್ತೆ ಎಂದು ಹೇಳಲು ಗೋಡೆಯ ಆಚೆ ಅವರಿರಲಿಲ್ಲ.