ಕಟ್ ಮಾಡಬೇಕು ಎನ್ನುವ ಮಾರ್ಸೆಲರು
ನಾನು ಅಡುಗೆ ಮಾಡುವ ಮನೆಯ ಮಾರ್ಸೆಲರು ಇರುವುದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ, ಬೈಯುವುದು ಬ್ರಿಟನ್ ಸರ್ಕಾರವನ್ನು. ಅಲ್ಲಿ ದುಡಿದು, ಅಲ್ಲಿನ ಪಾಸ್‌ಪೋರ್ಟ್ ಮಾಡಿಕೊಂಡು, ತೆರಿಗೆ ಜಾಸ್ತಿ ಅಂತ ಇಲ್ಲಿಗೆ ಓಡಿ ಬಂದ ಮನುಷ್ಯ. ಬೆಳಿಗ್ಗೆ ಟಿವಿ ಮುಂದೆ ಟೈ ಕಟ್ಟುತ್ತಾ, "ಸುಮ್ಮನೆ ಕೂತವರಿಗೆಲ್ಲ ಸರ್ಕಾರ ಯಾಕೆ ಅನ್ನ ಹಾಕ್ಬೇಕು ಮಾರ್ರೆ? ಕಟ್ ಮಾಡ್ಬೇಕು!" ಎಂದು ಕಿರುಚುತ್ತಾರೆ. ಆಸ್ಪತ್ರೆ ಕಟ್, ಪೆನ್ಶನ್ ಕಟ್. ನಾನು ಮೀನು ಕಟ್ ಮಾಡಿದರೆ ಮಾತ್ರ ತುಂಡು ಸಣ್ಣದಾಯಿತಂತೆ. ನನ್ನ ಗಂಡ ತೀರಿಕೊಂಡ ವಾರವೇ, "ಅಳುತ್ತಾ ಕೂರಬೇಡಿ ಲೂರ್ದ್ ಬಾಯಿ, ನಾಳೆಯಿಂದ ಅಡುಗೆಗೆ ಬನ್ನಿ" ಎಂದರು. ಅಂಥ ಕಲ್ಲು. ಮೊನ್ನೆ, ಖರ್ಚು ಜಾಸ್ತಿಯಾಯಿತೆಂದು ಅವರ ಕಂಪನಿ ಅವರನ್ನೇ ಕಟ್ ಮಾಡಿತು. ಹೆಂಡತಿ ಜಾನಿಸ್, "ಪಾಸ್‌ಪೋರ್ಟ್ ಉಂಟಲ್ಲ, ಬ್ರಿಟನ್ನಿಗೇ ಹೋಗುವ. ಕೆಲಸ ಇಲ್ಲದವರಿಗೆ ಅಲ್ಲಿ ಸರ್ಕಾರ ದುಡ್ಡು ಕೊಡ್ತದೆ" ಎಂದರು. ಈಗ ಬಾಲ ಮುದುರುತ್ತಾರೆ ಎಂದು ನಾನು ಅಡುಗೆಮನೆಯಿಂದ ಕಿವಿಗೊಟ್ಟೆ. ಮಾರ್ಸೆಲರು ಟಪ್ಪನೆ ಟಿವಿ ಆರಿಸಿದರು. ನಿನ್ನೆ ಕೊತ್ತಂಬರಿ ತರಲು ಕೆಳಗಿನ ಗ್ರೋಸರಿಗೆ ಹೋದರೆ, ಮಾರ್ಸೆಲರು ಅದೇ ಟೈ ಕಟ್ಟಿಕೊಂಡು ಈರುಳ್ಳಿ ಮೂಟೆ ಎಳೆಯುತ್ತಿದ್ದರು. "ಏನು ನೋಡ್ತೀರಿ? ಯಲ್ಲಾ, ಬೇಗ ಬೇಗ, ಏನು ಬೇಕು ಹೇಳಿ!" ಎಂದು ಗದರಿದರು. ಕೊತ್ತಂಬರಿ ಕೇಳಿದೆ. ಒಂದೆಲೆಯೂ ಜಾಸ್ತಿ ಕೊಡಲಿಲ್ಲ.